ಭೂಮಿ ಬಿಸಿಯಾಗುತ್ತದೆ ಎಂದು 1896ರಲ್ಲೇ ಲೆಕ್ಕ ಹಾಕಿದವರು ಯಾರು? ಸ್ವಾಂಟೆ ಅರ್ಹೇನಿಯಸ್ ಬದುಕಿನ ಕಥೆ

ಬೇಸಿಗೆ ಶುರುವಾದರೆ ಸಾಕು, ಫ್ಯಾಮಿಲಿ ಗ್ರೂಪ್‌ಗಳಲ್ಲಿ ಎರಡು ಥರದ ಫಾರ್ವರ್ಡ್‌ಗಳು ಓಡಾಡತೊಡಗುತ್ತವೆ. ಒಂದು, ಹವಾಮಾನ ಬದಲಾವಣೆ ಎನ್ನುವುದು ಮೊನ್ನೆ ಮೊನ್ನೆ ಯಾರೋ ಕಟ್ಟಿದ ಕಥೆ, ಇಪ್ಪತ್ತು ಮೂವತ್ತು ವರ್ಷದ ಹಿಂದೆ ಈ ಮಾತೇ ಇರಲಿಲ್ಲ ಎನ್ನುವುದು. ಇನ್ನೊಂದು ಸ್ವಲ್ಪ ಓದಿಕೊಂಡವರು ಕಳಿಸುವಂಥದ್ದು: ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದೇ ಶೇ. 0.04ರಷ್ಟು, ಅಷ್ಟರಿಂದ ಏನಾಗುತ್ತದೆ, ಬಿಸಿಯಾದರೆ ಒಳ್ಳೆಯದೇ ಎಂದು ನೊಬೆಲ್ ವಿಜ್ಞಾನಿಯೇ ಹೇಳಿದ್ದಾರಲ್ಲ ಎನ್ನುವುದು.

ಈ ಎರಡೂ ಮಾತುಗಳನ್ನು ಪರೀಕ್ಷಿಸಲು ಒಬ್ಬನೇ ಮನುಷ್ಯನ ಬದುಕು ಸಾಕು. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಅವರ ಹೆಸರು ಗೊತ್ತೇ ಇರುತ್ತದೆ. ಕೆಮಿಸ್ಟ್ರಿ ಪುಸ್ತಕದಲ್ಲಿ ಅರ್ಹೇನಿಯಸ್ ಸಮೀಕರಣ ಅಂತ ಒಂದು ಬರುತ್ತದಲ್ಲ, ಅದೇ ಅರ್ಹೇನಿಯಸ್. ಆಮ್ಲ, ಪ್ರತ್ಯಾಮ್ಲಗಳ ಪಾಠದಲ್ಲೂ ಅವರೇ ಬರುತ್ತಾರೆ. ಭೂಮಿಯ ಉಷ್ಣಾಂಶದ ಬಗ್ಗೆ ಅವರು ಮಾಡಿದ ಲೆಕ್ಕ ಮಾತ್ರ ಆ ಪುಸ್ತಕದಲ್ಲಿ ಇರುವುದಿಲ್ಲ.

ಸ್ವಾಂಟೆ ಅರ್ಹೇನಿಯಸ್ ಹುಟ್ಟಿದ್ದು 1859ರ ಫೆಬ್ರವರಿ 19ರಂದು, ಸ್ವೀಡನ್ನಿನ ಉಪ್ಸಲಾ ಊರಿನ ಹತ್ತಿರ. ಅಪ್ಪ ಭೂಮಾಪಕ, ಅಂದರೆ ನಮ್ಮ ಕಡೆಯ ಸರ್ವೇಯರ್. ಮೂರು ವರ್ಷಕ್ಕೇ ಹುಡುಗ ತಾನಾಗಿ ಓದು ಕಲಿತ, ಅಪ್ಪನ ಲೆಕ್ಕದ ಪುಸ್ತಕಗಳನ್ನು ನೋಡಿ ನೋಡಿಯೇ ಕೂಡಿಸುವುದು ಕಳೆಯುವುದು ಹಿಡಿದ ಎಂದು ಅವರ ಜೀವನಚರಿತ್ರೆಗಳಲ್ಲಿ ಇದೆ. ದೊಡ್ಡವರ ಬಾಲ್ಯದ ಬಗ್ಗೆ ಇಂಥ ಕಥೆಗಳು ಇದ್ದೇ ಇರುತ್ತವೆ. ಆದರೆ ಈ ಮನುಷ್ಯ ಮುಂದೆ ಒಂದಿಡೀ ವರ್ಷ ಕೂತು ಕೈಯಲ್ಲೇ ಲೆಕ್ಕ ಮಾಡಿದ್ದನ್ನು ನೋಡಿದರೆ ಈ ಕಥೆಯನ್ನು ನಂಬಬಹುದು.

ಅವರು ಹುಟ್ಟಿದ ವರ್ಷವೇ ಇನ್ನೊಂದು ಘಟನೆ ನಡೆಯಿತು. ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಎಂಬ ವಿಜ್ಞಾನಿ ಒಂದು ಉದ್ದ ಕೊಳವೆಯಲ್ಲಿ ಬೇರೆ ಬೇರೆ ಅನಿಲ ತುಂಬಿಸಿ, ಅದರ ಮೂಲಕ ಶಾಖವನ್ನು ಹಾಯಿಸಿ ನೋಡಿದರು. ಸಾರಜನಕ, ಆಮ್ಲಜನಕಗಳ ಮೂಲಕ ಶಾಖ ಸಲೀಸಾಗಿ ದಾಟಿತು. ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಅದನ್ನು ಹಿಡಿದುಕೊಂಡವು. ಅದಕ್ಕೂ ಮೂರು ವರ್ಷ ಮೊದಲು, 1856ರಲ್ಲಿ, ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳನ್ನು ಬಿಸಿಲಿಗಿಟ್ಟು, ಕಾರ್ಬನ್ ಡೈಆಕ್ಸೈಡ್ ತುಂಬಿದ ಕೊಳವೆ ಹೆಚ್ಚು ಬಿಸಿಯಾಗುವುದನ್ನು ತೋರಿಸಿದ್ದರು. ಅವರ ಹೆಸರನ್ನು ಜಗತ್ತು ನೂರೈವತ್ತು ವರ್ಷ ಮರೆತೇಬಿಟ್ಟಿತ್ತು.

ಶೇ. 0.04ರ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತದೆ. ನಾವು ಉಸಿರಾಡುವ ಒಣ ಗಾಳಿಯಲ್ಲಿ ಶೇ. 99ರಷ್ಟು ಇರುವ ಸಾರಜನಕ, ಆಮ್ಲಜನಕಗಳು ನೆಲದಿಂದ ಹೊರಟ ಶಾಖವನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟುಬಿಡುತ್ತವೆ. ತಡೆಯುವ ಕೆಲಸ ಮಾಡುವುದು ಉಳಿದ ಚೂರುಪಾರು ಅನಿಲಗಳು ಮತ್ತು ನೀರಾವಿ. ಅವೂ ಇಲ್ಲದೇ ಹೋಗಿದ್ದರೆ ಭೂಮಿಯ ಸರಾಸರಿ ಉಷ್ಣಾಂಶ ಈಗಿನ ಸುಮಾರು 15 ಡಿಗ್ರಿ ಸೆಲ್ಸಿಯಸ್ ಬದಲು ಮೈನಸ್ 18ರ ಆಸುಪಾಸು ಇರುತ್ತಿತ್ತು. ಪ್ರಮಾಣ ಕಡಿಮೆ ಅಂದ ಮಾತ್ರಕ್ಕೆ ಕೆಲಸ ಕಡಿಮೆ ಅಂತಲ್ಲ. ಹೆಪ್ಪು ಹಾಕುವಾಗ ಒಂದು ಪಾತ್ರೆ ಹಾಲಿಗೆ ಎಷ್ಟು ಮಜ್ಜಿಗೆ ಹಾಕುತ್ತೇವೆ ಹೇಳಿ. ಎರಡೂ ಕಡೆ ನಡೆಯುವ ಕ್ರಿಯೆ ಬೇರೆ ಬೇರೆ, ಆದರೂ ಅಳತೆ ನೋಡಿ ಪರಿಣಾಮ ನಿರ್ಧರಿಸಬಾರದು ಎನ್ನುವುದು ನಮ್ಮ ಅಡುಗೆಮನೆಗೇ ಗೊತ್ತಿರುವ ವಿಷಯ.

ಕಡಿಮೆ ದರ್ಜೆಯ ಪಾಸ್, ಆಮೇಲೆ ನೊಬೆಲ್

ಅರ್ಹೇನಿಯಸ್ ಅವರ ಓದಿನ ದಿನಗಳು ಅಷ್ಟೇನೂ ಸುಖವಾಗಿರಲಿಲ್ಲ. ಉಪ್ಸಲಾ ವಿಶ್ವವಿದ್ಯಾಲಯದ ಪಾಠ ಒಗ್ಗದೆ 1881ರಲ್ಲಿ ಸ್ಟಾಕ್‌ಹೋಮ್‌ಗೆ ಹೋಗಿ, ಎರಿಕ್ ಎಡ್ಲುಂಡ್ ಎಂಬ ಭೌತವಿಜ್ಞಾನಿಯ ಕೈಕೆಳಗೆ ಕೆಲಸ ಮಾಡಿದರು. ಉಪ್ಪನ್ನು ನೀರಿಗೆ ಹಾಕಿದರೆ ಅದು ವಿದ್ಯುತ್ ಹರಿಸುತ್ತದೆ, ಯಾಕೆ? ಉಪ್ಪು ಕರಗಿದಾಗ ಧನ ಮತ್ತು ಋಣ ವಿದ್ಯುದಂಶವುಳ್ಳ ಕಣಗಳಾಗಿ ಒಡೆಯುತ್ತದೆ ಎನ್ನುವ ವಿಚಾರದತ್ತ ಅವರು ಹೊರಟಿದ್ದರು. ಇವತ್ತು ಹೈಸ್ಕೂಲ್ ಮಕ್ಕಳೂ ಅಯಾನ್ ಎನ್ನುತ್ತಾರೆ. ಆಗ ಅದು ಹುಚ್ಚು ಕಲ್ಪನೆಯಂತೆ ಕಂಡಿತು. 1884ರಲ್ಲಿ ಒಪ್ಪಿಸಿದ ಡಾಕ್ಟರೇಟ್ ಪ್ರಬಂಧಕ್ಕೆ ಉಪ್ಸಲಾದ ಪ್ರಾಧ್ಯಾಪಕರು ತೀರಾ ಕೆಳಗಿನ ದರ್ಜೆ ಕೊಟ್ಟು ಪಾಸು ಮಾಡಿದರು. ಆ ದರ್ಜೆಯಲ್ಲಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕೆಲಸ ಸಿಗುವ ಹಾಗಿರಲಿಲ್ಲ.

ಅವರು ಸುಮ್ಮನೆ ಕೂರಲಿಲ್ಲ. ಪ್ರಬಂಧದ ಪ್ರತಿಗಳನ್ನು ಯುರೋಪಿನ ದೊಡ್ಡ ವಿಜ್ಞಾನಿಗಳಿಗೆ ಕಳಿಸಿದರು. ರೀಗಾದಲ್ಲಿದ್ದ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಅದನ್ನು ಓದಿ, ಹುಡುಕಿಕೊಂಡು ಉಪ್ಸಲಾಗೇ ಬಂದು ಕೆಲಸಕ್ಕೆ ಕರೆದರು. ಹೊರಗಿನವರು ಮೆಚ್ಚಿದ ಮೇಲೆ ಮನೆಯವರಿಗೂ ಬೆಲೆ ತಿಳಿಯಿತು. ಉಪ್ಸಲಾ ಅವರಿಗೆ ಅಧ್ಯಾಪಕ ಸ್ಥಾನ ಕೊಟ್ಟಿತು. ಅಪ್ಪನಿಗೆ ಕಾಯಿಲೆಯಾಗಿದ್ದರಿಂದ ಅವರು ಆಗ ಊರು ಬಿಡಲಿಲ್ಲ. 1885ರಲ್ಲಿ ಅಪ್ಪ ತೀರಿಕೊಂಡ ಮೇಲೆ ರೀಗಾ, ವ್ಯುರ್ಟ್ಸ್‌ಬರ್ಗ್, ಗ್ರಾಜ್, ಆಮ್‌ಸ್ಟರ್‌ಡ್ಯಾಮ್ ಎಲ್ಲ ಸುತ್ತಿ ಕಲಿತು ಬಂದರು. 1889ರಲ್ಲಿ ನಮ್ಮ ಪಿಯುಸಿ ಪುಸ್ತಕದ ಸಮೀಕರಣ ಬಂತು. 1903ರಲ್ಲಿ, ಕಡಿಮೆ ದರ್ಜೆ ಸಿಕ್ಕಿದ ಅದೇ ವಿಚಾರಕ್ಕೆ, ರಸಾಯನ ವಿಜ್ಞಾನದ ನೊಬೆಲ್ ಬಂತು. ಸ್ವೀಡನ್ನಿನವರೊಬ್ಬರಿಗೆ ನೊಬೆಲ್ ಬಂದದ್ದು ಅದೇ ಮೊದಲು.

ಇಲ್ಲೊಂದು ಗಮನಿಸಬೇಕು. ನೊಬೆಲ್ ಬಂದದ್ದು ಅಯಾನ್‌ಗಳ ಕೆಲಸಕ್ಕೆ, ಭೂಮಿ ಬಿಸಿಯಾಗುವ ಲೆಕ್ಕಕ್ಕಲ್ಲ. ಎರಡನ್ನೂ ಕಲಸಿ ಬರೆಯುವ ಪೋಸ್ಟ್‌ಗಳು ಬೇಕಾದಷ್ಟಿವೆ.

ಒಂದು ವರ್ಷದ ಲೆಕ್ಕ

1890ರ ದಶಕದಲ್ಲಿ ಸ್ಟಾಕ್‌ಹೋಮ್‌ನ ವಿಜ್ಞಾನಿಗಳ ತಲೆ ತಿನ್ನುತ್ತಿದ್ದದ್ದು ಬಿಸಿಯಲ್ಲ, ಚಳಿ. ಒಂದು ಕಾಲದಲ್ಲಿ ಉತ್ತರ ಯುರೋಪ್ ಪೂರ್ತಿ ಹಿಮದ ಹಾಳೆಯಡಿ ಇತ್ತು ಎನ್ನುವುದಕ್ಕೆ ಬಂಡೆಗಳ ಮೇಲಿನ ಗೀರುಗಳೇ ಸಾಕ್ಷಿ. ಅಷ್ಟು ಹಿಮ ಯಾಕೆ ಬಂತು, ಯಾಕೆ ಹೋಯಿತು? ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾದರೆ ಹಿಮಯುಗ ಬರುವಷ್ಟು ತಂಪಾಗುತ್ತದೆಯೇ? ಅರ್ಹೇನಿಯಸ್ ಎತ್ತಿಕೊಂಡ ಪ್ರಶ್ನೆ ಇದು.

1894ರ ಕ್ರಿಸ್‌ಮಸ್ ಹೊತ್ತಿಗೆ ಲೆಕ್ಕ ಶುರು ಮಾಡಿದರು. ಕಂಪ್ಯೂಟರ್ ಬಿಡಿ, ಕ್ಯಾಲ್ಕುಲೇಟರ್ ಕೂಡ ಇಲ್ಲದ ಕಾಲ. ಪೆನ್ಸಿಲ್, ಕಾಗದ, ಅಷ್ಟೇ. ಗಾಳಿ ಎಷ್ಟು ಶಾಖ ಹಿಡಿಯುತ್ತದೆ ಎನ್ನುವುದಕ್ಕೆ ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಮಾಡಿದ್ದ ಅಳತೆಗಳನ್ನು ಬಳಸಿದರು. ಲ್ಯಾಂಗ್ಲಿ ಅಳೆದದ್ದು ಚಂದ್ರನಿಂದ ಬರುವ ಶಾಖವನ್ನು. ಚಂದ್ರ ದಿಗಂತದ ಹತ್ತಿರ ಇದ್ದಾಗ ಅದರ ಶಾಖ ಹೆಚ್ಚು ಗಾಳಿಯನ್ನು ದಾಟಿ ಬರಬೇಕು, ನೆತ್ತಿಯ ಮೇಲಿದ್ದಾಗ ಕಡಿಮೆ. ಆ ವ್ಯತ್ಯಾಸದಿಂದ ನೀರಾವಿ ಎಷ್ಟು ಹಿಡಿಯಿತು, ಕಾರ್ಬನ್ ಡೈಆಕ್ಸೈಡ್ ಎಷ್ಟು ಹಿಡಿಯಿತು ಎಂದು ಅರ್ಹೇನಿಯಸ್ ಬಿಡಿಸಿ ತೆಗೆದರು. ಬೇರೊಬ್ಬರು ಬೇರೆ ಕೆಲಸಕ್ಕೆ ಮಾಡಿದ ಅಳತೆಯಿಂದ ತಮಗೆ ಬೇಕಾದ್ದನ್ನು ಹೀಗೆ ಹಿಂಡಿ ತೆಗೆದದ್ದೇ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾಗುವ ಭಾಗ.

ಆಮೇಲೆ ಭೂಗೋಳವನ್ನು 10 ಡಿಗ್ರಿ ಅಕ್ಷಾಂಶದ ಪಟ್ಟಿಗಳಾಗಿ ಕತ್ತರಿಸಿದರು. ಪ್ರತಿ ಪಟ್ಟಿಗೆ, ಪ್ರತಿ ಋತುವಿಗೆ, ಗಾಳಿಯ ತೇವಾಂಶ, ಮೋಡ, ಹಿಮದ ಹೊದಿಕೆ ಎಲ್ಲ ಹಿಡಿದು, ಕಾರ್ಬನ್ ಡೈಆಕ್ಸೈಡ್ ಮೂರರಲ್ಲಿ ಒಂದು ಪಾಲು ಕಡಿಮೆಯಾದರೆ ಏನು, ಒಂದೂವರೆ ಪಟ್ಟಾದರೆ ಏನು, ಎರಡು ಪಟ್ಟು, ಎರಡೂವರೆ, ಮೂರು ಪಟ್ಟಾದರೆ ಏನು ಎಂದು ಲೆಕ್ಕ ಹಾಕಿದರು. ಅವರ ಕೋಷ್ಟಕದಲ್ಲಿ ಉತ್ತರ ಅಕ್ಷಾಂಶ 10ರಿಂದ 20ರ ಪಟ್ಟಿಯೂ ಇದೆ. ಬೀದರ್‌ನಿಂದ ಚಾಮರಾಜನಗರದವರೆಗೆ ನಮ್ಮ ಇಡೀ ಕರ್ನಾಟಕ ಬರುವುದು ಅದೇ ಪಟ್ಟಿಯಲ್ಲಿ. ಕಾರ್ಬನ್ ಡೈಆಕ್ಸೈಡ್ ಎರಡು ಪಟ್ಟಾದರೆ ಆ ಪಟ್ಟಿ ಸುಮಾರು 5 ಡಿಗ್ರಿ ಬಿಸಿಯಾಗುತ್ತದೆ, ದೂರದ ಉತ್ತರ ಸುಮಾರು 6 ಡಿಗ್ರಿ ಎಂದು ಅವರ ಲೆಕ್ಕ ಬಂತು. ಅಂದರೆ 1896ರ ಏಪ್ರಿಲ್‌ನಲ್ಲಿ ಫಿಲಾಸಫಿಕಲ್ ಮ್ಯಾಗಜೀನ್ ಎಂಬ ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾದ ಲೇಖನದಲ್ಲೇ ನಮ್ಮ ಸೀಮೆಯ ಭವಿಷ್ಯವೂ ಒಂದು ಸಾಲಿನಲ್ಲಿ ಕೂತಿತ್ತು.

ಅವರ ಜಾಣತನ ಇದ್ದದ್ದು ನೀರಾವಿಯನ್ನು ಸೇರಿಸಿಕೊಂಡಿದ್ದರಲ್ಲಿ. ನೀರಾವಿ ಶಾಖ ಹಿಡಿಯುವುದರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ದೊಡ್ಡದು, ಆದ್ದರಿಂದ ಕಾರ್ಬನ್ ಲೆಕ್ಕಕ್ಕಿಲ್ಲ ಎನ್ನುವ ಫಾರ್ವರ್ಡ್ ನೀವು ನೋಡಿರಬಹುದು. ಮೊದಲ ಅರ್ಧ ಸರಿ. ಆದರೆ ನೀರಾವಿ ಗಾಳಿಯಲ್ಲಿ ಎಷ್ಟಿರಬೇಕು ಎನ್ನುವುದನ್ನು ಉಷ್ಣಾಂಶವೇ ತೀರ್ಮಾನಿಸುತ್ತದೆ. ಹೆಚ್ಚಾದದ್ದು ಕೆಲವು ದಿನಗಳಲ್ಲಿ ಮಳೆಯಾಗಿ ಇಳಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ಹಾಗಲ್ಲ, ಅದರಲ್ಲಿ ಒಂದು ಪಾಲು ನೂರಾರು ವರ್ಷ ಗಾಳಿಯಲ್ಲೇ ಉಳಿಯುತ್ತದೆ. ಅದು ಗಾಳಿಯನ್ನು ಸ್ವಲ್ಪ ಬಿಸಿ ಮಾಡುತ್ತದೆ, ಬಿಸಿ ಗಾಳಿ ಹೆಚ್ಚು ನೀರಾವಿ ಹೊರುತ್ತದೆ, ಆ ನೀರಾವಿ ಇನ್ನಷ್ಟು ಬಿಸಿ ಮಾಡುತ್ತದೆ. ಈ ಸುತ್ತನ್ನು ಅರ್ಹೇನಿಯಸ್ ಲೆಕ್ಕದಲ್ಲಿ ಹಿಡಿದಿದ್ದರು.

ಇನ್ನೂ ಕೆಲವು ವಿಷಯ ಅವರ ಲೇಖನದಲ್ಲಿವೆ. ಬಿಸಿಯಾಗುವುದು ಬೇಸಿಗೆಗಿಂತ ಚಳಿಗಾಲದಲ್ಲಿ ಹೆಚ್ಚು, ಸಮುದ್ರಕ್ಕಿಂತ ನೆಲದ ಮೇಲೆ ಹೆಚ್ಚು, ಧ್ರುವಗಳ ಕಡೆಗೆ ಹೋದಂತೆ ಹೆಚ್ಚು. ಹಗಲು ರಾತ್ರಿಗಳ ಉಷ್ಣಾಂಶದ ಅಂತರವೂ ಕಡಿಮೆಯಾಗುತ್ತದೆ, ಅಂದರೆ ರಾತ್ರಿಗಳು ಹಗಲಿಗಿಂತ ಬೇಗ ಬಿಸಿಯಾಗುತ್ತವೆ. ಇಪ್ಪತ್ತನೇ ಶತಮಾನದ ಥರ್ಮಾಮೀಟರ್ ದಾಖಲೆಗಳಲ್ಲಿ ಒಟ್ಟಾರೆ ಕಂಡದ್ದು ಇದೇ. ಬಿಸಿಲೇ ಜೋರಾದ್ದರಿಂದ ಭೂಮಿ ಬಿಸಿಯಾಗಿದ್ದರೆ ರಾತ್ರಿಗಿಂತ ಹಗಲು ಹೆಚ್ಚು ಬಿಸಿಯಾಗಬೇಕಿತ್ತಲ್ಲವೇ?

ಎಲ್ಲವೂ ಸರಿ ಬಂತು ಎಂದಲ್ಲ. ಕಾರ್ಬನ್ ಡೈಆಕ್ಸೈಡ್ ಎರಡು ಪಟ್ಟಾದರೆ ಭೂಮಿ 2.5ರಿಂದ 4 ಡಿಗ್ರಿ ಬಿಸಿಯಾಗುತ್ತದೆ, ಹೆಚ್ಚು ಸಂಭವ 3 ಡಿಗ್ರಿ ಎನ್ನುವುದು ಈಗಿನ ಐಪಿಸಿಸಿ ವರದಿಯ ಅಂದಾಜು. ಅರ್ಹೇನಿಯಸ್ ಉತ್ತರ ಅದಕ್ಕಿಂತ ಜಾಸ್ತಿ. ಲ್ಯಾಂಗ್ಲಿಯ ಅಳತೆಯಲ್ಲೇ ಕೊರತೆಗಳಿದ್ದವು, ಸಮುದ್ರದ ಪ್ರವಾಹ, ಗಾಳಿಯ ಹರಿವು ಬದಲಾಗುವುದು ಅವರ ಲೆಕ್ಕಕ್ಕೆ ಸಿಗಲಿಲ್ಲ. ಮುಂದೆ ಅವರೇ ತಮ್ಮ ಜನಪ್ರಿಯ ಪುಸ್ತಕವೊಂದರಲ್ಲಿ ಸಂಖ್ಯೆಯನ್ನು 4 ಡಿಗ್ರಿಗೆ ಇಳಿಸಿದರು.

ಈ ಲೆಕ್ಕದ ಸುತ್ತ ಒಂದು ಸಿನಿಮಾ ಥರದ ಕಥೆಯೂ ಹುಟ್ಟಿಕೊಂಡಿದೆ. 1894ರಲ್ಲಿ ಅವರು ತಮ್ಮ ಶಿಷ್ಯೆ ಸೋಫಿಯಾ ರುಡ್‌ಬೆಕ್ ಅವರನ್ನು ಮದುವೆಯಾಗಿದ್ದರು. ಮರುವರ್ಷ ಮಗ ಹುಟ್ಟಿದ. 1896ರಲ್ಲಿ ವಿಚ್ಛೇದನವಾಯಿತು. ಹೆಂಡತಿ ಬಿಟ್ಟುಹೋದ ದುಃಖ ಮರೆಯಲು ಈ ಲೆಕ್ಕದಲ್ಲಿ ಮುಳುಗಿದರು ಎಂದು ಹಲವು ಕಡೆ ಬರೆದಿರುತ್ತಾರೆ. ಲೆಕ್ಕ ಶುರುವಾದದ್ದು ಮಗ ಹುಟ್ಟುವುದಕ್ಕೂ ಸುಮಾರು ಒಂದು ವರ್ಷ ಮೊದಲು. ತಾರೀಖು ಇಟ್ಟು ನೋಡಿದರೆ ಆ ಕಥೆ ಪೂರ್ತಿ ನಿಲ್ಲುವುದಿಲ್ಲ.

ಮೂರು ಸಾವಿರ ವರ್ಷ ಎಂದುಕೊಂಡದ್ದು

ಮನುಷ್ಯ ಕಲ್ಲಿದ್ದಲು ಸುಡುವುದು ಈ ಲೆಕ್ಕದೊಳಗೆ ಬಂದದ್ದು ಅವರ ಸಹೋದ್ಯೋಗಿ, ಭೂವಿಜ್ಞಾನಿ ಆರ್ವಿಡ್ ಹೊಗ್‌ಬೊಮ್ ಅವರಿಂದ. ಆಗ ಜಗತ್ತು ವರ್ಷಕ್ಕೆ ಸುಮಾರು 50 ಕೋಟಿ ಟನ್ ಕಲ್ಲಿದ್ದಲು ಸುಡುತ್ತಿತ್ತು. ಸುಟ್ಟ ಕಾರ್ಬನ್‌ನಲ್ಲಿ ಬಹುಪಾಲನ್ನು ಸಮುದ್ರ ಹೀರಿಕೊಳ್ಳುತ್ತದೆ ಎಂದು ಹಿಡಿದು, ಗಾಳಿಯ ಕಾರ್ಬನ್ ಡೈಆಕ್ಸೈಡ್ ಶೇ. 50 ಹೆಚ್ಚಲು 3000 ವರ್ಷ ಬೇಕು ಎಂದು ಅರ್ಹೇನಿಯಸ್ ಅಂದಾಜು ಮಾಡಿದರು. ಹೆದರುವಂಥದ್ದೇನೂ ಅವರಿಗೆ ಕಾಣಲಿಲ್ಲ. ಬದಲಿಗೆ ಖುಷಿಪಟ್ಟರು. ಮುಂದಿನ ಪೀಳಿಗೆಗಳು ಹದವಾದ ಹವೆಯಲ್ಲಿ ಬದುಕುತ್ತವೆ, ಚಳಿ ದೇಶಗಳಲ್ಲಿ ಬೆಳೆ ಚೆನ್ನಾಗಿ ಬರುತ್ತದೆ ಎಂದು ಬರೆದರು.

ಆ ಇನ್ನೊಂದು ಫಾರ್ವರ್ಡ್ ಇದೆಯಲ್ಲ, ಬಿಸಿಯಾದರೆ ಒಳ್ಳೆಯದು ಎಂದು ನೊಬೆಲ್ ವಿಜ್ಞಾನಿ ಹೇಳಿದ್ದಾರೆ ಎನ್ನುವುದು, ಅದರ ಮೂಲ ಇದು. ಅವರು ಹಾಗೆ ಬರೆದದ್ದು ನಿಜ. ಆದರೆ ಬರೆದವರು ಎಲ್ಲಿ ಕೂತಿದ್ದರು ನೋಡಿ. ವರ್ಷದಲ್ಲಿ ತಿಂಗಳುಗಟ್ಟಲೆ ಹಿಮ ಬೀಳುವ, ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಸ್ಟಾಕ್‌ಹೋಮ್‌ನಲ್ಲಿ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಕೂತು ಅದೇ ಲೆಕ್ಕ ಮಾಡಿದವರು ಹೀಗೆ ಬರೆಯುತ್ತಿದ್ದರೇ? ಅವರ ಕೋಷ್ಟಕದಲ್ಲಿ ನಮ್ಮ ಪಟ್ಟಿ ಇತ್ತು, ಅವರ ಖುಷಿಯಲ್ಲಿ ಇರಲಿಲ್ಲ.

ಬಿಸಿ ರಾತ್ರಿಗಳ ವಿಷಯವನ್ನೇ ತೆಗೆದುಕೊಳ್ಳಿ. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ತಾಕುಗಳ ದಾಖಲೆ ಇಟ್ಟು 2004ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬೇಸಿಗೆ ಬೆಳೆಯ ಹಂಗಾಮಿನಲ್ಲಿ ರಾತ್ರಿಯ ಕನಿಷ್ಠ ಉಷ್ಣಾಂಶ 1 ಡಿಗ್ರಿ ಏರಿದಾಗ ಭತ್ತದ ಇಳುವರಿ ಸುಮಾರು ಶೇ. 10ರಷ್ಟು ಇಳಿದಿತ್ತು. ರಾತ್ರಿ ಸೆಕೆಯಾದರೆ ಗಿಡದ ಉಸಿರಾಟವೂ ಹೆಚ್ಚುತ್ತದೆ, ಹಗಲು ತಯಾರಿಸಿದ ಆಹಾರದಲ್ಲಿ ಹೆಚ್ಚು ಪಾಲು ಅದಕ್ಕೇ ಖರ್ಚಾಗುತ್ತದೆ. ಇಳುವರಿ ಇಳಿಯಲು ಇದೂ ಒಂದು ಕಾರಣ ಎನ್ನುತ್ತಾರೆ. ಮನುಷ್ಯರಿಗೂ ರಾತ್ರಿಯ ತಂಪು ಬೇಕು. ಬಿಸಿಲಲ್ಲಿ ದುಡಿದ ಮೈ ಸುಧಾರಿಸಿಕೊಳ್ಳುವುದು ಆಗಲೇ. ಶೀಟಿನ ಮನೆಯಲ್ಲಿ ಮಲಗುವವರನ್ನು ಕೇಳಿ ನೋಡಿ. ಬಿಸಿಗಾಳಿಯ ಎಚ್ಚರಿಕೆ ಬಂದಾಗ ಮಧ್ಯಾಹ್ನದ ಕೆಲಸವನ್ನು ಬೆಳಿಗ್ಗೆಗೆ ಸರಿಸುವುದು, ಚಾವಣಿಗೆ ಸುಣ್ಣ ಬಳಿದು ಬಿಸಿಲನ್ನು ವಾಪಸು ಕಳಿಸುವುದು, ಬಿಸಿ ತಡೆಯುವ ತಳಿ ಹುಡುಕುವುದು, ಇವೆಲ್ಲ ಈಗಾಗಲೇ ಆಗಿರುವ ಬಿಸಿಗೆ ಹೊಂದಿಕೊಳ್ಳುವ ದಾರಿಗಳು. ಮುಂದೆ ಎಷ್ಟು ಬಿಸಿಯಾಗಬೇಕು ಎನ್ನುವುದು ಮಾತ್ರ ಎಷ್ಟು ಸುಡುತ್ತೇವೆ ಎನ್ನುವುದರ ಮೇಲೆಯೇ ನಿಂತಿದೆ.

ಅವರ 3000 ವರ್ಷ ಏನಾಯಿತು? ಕೈಗಾರಿಕೆಗಳು ಬರುವ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 280 ಭಾಗ ಇತ್ತು. 2022ರ ಮೇ ತಿಂಗಳಲ್ಲಿ ಅದು 420 ದಾಟಿತು, ಅಂದರೆ ಶೇ. 50 ಹೆಚ್ಚಳ. ಅವರು ಪೆನ್ಸಿಲ್ ಕೆಳಗಿಟ್ಟು ಬರೀ 126 ವರ್ಷವಾಗಿತ್ತು. ಅವರ ಭೌತಶಾಸ್ತ್ರ ತಪ್ಪಿದ್ದಕ್ಕಿಂತ ಹೆಚ್ಚಾಗಿ ಮನುಷ್ಯರ ಬಗೆಗಿನ ಅಂದಾಜು ತಪ್ಪಿತು. ಈಗ ಜಗತ್ತು ಸುಡುವ ಕಲ್ಲಿದ್ದಲೇ ವರ್ಷಕ್ಕೆ 800 ಕೋಟಿ ಟನ್‌ಗೂ ಹೆಚ್ಚು. ಪೆಟ್ರೋಲ್, ಡೀಸೆಲ್, ಗ್ಯಾಸ್ ಬೇರೆ. ಜ್ವಾಲಾಮುಖಿಗಳೇ ಹೆಚ್ಚು ಉಗುಳುತ್ತವೆ ಎನ್ನುವವರಿಗೆ ಒಂದು ಮಾತು: ಎಲ್ಲ ಜ್ವಾಲಾಮುಖಿಗಳು ವರ್ಷಕ್ಕೆ ಬಿಡುವ ಕಾರ್ಬನ್ ಡೈಆಕ್ಸೈಡ್, ಮನುಷ್ಯರು ಬಿಡುವುದರಲ್ಲಿ ನೂರನೇ ಒಂದು ಪಾಲಿಗಿಂತ ಕಡಿಮೆ.

ಅವರ ಕಾಲದಲ್ಲೇ ಒಬ್ಬರು ಈ ಲೆಕ್ಕವನ್ನು ಒಪ್ಪಲಿಲ್ಲ. 1900ರಲ್ಲಿ ಸ್ವೀಡನ್ನಿನವರೇ ಆದ ಕ್ನುಟ್ ಆಂಗ್‌ಸ್ಟ್ರೋಮ್, ಕೊಳವೆಯೊಂದರಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚು ಕಡಿಮೆ ಮಾಡಿ ನೋಡಿದಾಗ ಹಿಡಿದ ಶಾಖದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ ಎಂದು ತೋರಿಸಿದರು. ಇರುವ ಅನಿಲವೇ ಹಿಡಿಯಬೇಕಾದ್ದನ್ನೆಲ್ಲ ಹಿಡಿದಾಗಿದೆ, ಇನ್ನಷ್ಟು ಸೇರಿದರೆ ಏನೂ ಆಗದು ಎನ್ನುವ ವಾದ. ಅರ್ಹೇನಿಯಸ್ ಉತ್ತರ ಕೊಟ್ಟರೂ ಹವಾಮಾನ ತಜ್ಞರಲ್ಲಿ ಬಹಳ ಮಂದಿ ಆಂಗ್‌ಸ್ಟ್ರೋಮ್ ಕಡೆಯೇ ವಾಲಿದರು, ವಿಷಯ ದಶಕಗಳ ಕಾಲ ಮೂಲೆಗೆ ಬಿತ್ತು. ಈ ವಾದ ಈಗಲೂ ಫಾರ್ವರ್ಡ್ ಆಗುತ್ತಿರುತ್ತದೆ, ಆದ್ದರಿಂದ ಅದರ ತೊಂದರೆ ಎಲ್ಲಿ ಎಂದು ತಿಳಿದಿರಲಿ. ವಾತಾವರಣ ಒಂದು ಕೊಳವೆಯಲ್ಲ, ಪದರ ಪದರ. ಶಾಖ ಒಂದು ಪದರದಿಂದ ಇನ್ನೊಂದಕ್ಕೆ ದಾಟುತ್ತಾ ಮೇಲೆ ಹೋಗಿ, ಕೊನೆಗೆ ಅನಿಲ ತೆಳುವಾದ ಎತ್ತರದಿಂದ ಆಕಾಶಕ್ಕೆ ತಪ್ಪಿಸಿಕೊಳ್ಳುತ್ತದೆ. ಕಾರ್ಬನ್ ಡೈಆಕ್ಸೈಡ್ ಹೆಚ್ಚಿದರೆ ಆ ಎತ್ತರ ಇನ್ನೂ ಮೇಲಕ್ಕೆ ಹೋಗುತ್ತದೆ. ಮೇಲೆ ಹೋದಷ್ಟೂ ಗಾಳಿ ತಣ್ಣಗಿರುತ್ತದೆ, ತಣ್ಣಗಿನ ಪದರ ಕಡಿಮೆ ಶಾಖ ಹೊರಹಾಕುತ್ತದೆ. ಹೊರ ಹೋಗಬೇಕಾದದ್ದು ಉಳಿಯಿತು ಅಂದರೆ ಕೆಳಗೆ ಬಿಸಿ. ಮನೆಯ ಮೇಲೆ ಈಗಾಗಲೇ ಕಂಬಳಿ ಇದೆ, ಇನ್ನೊಂದು ಹೊದ್ದರೆ ಸೆಕೆಯಾಗುವುದಿಲ್ಲ ಎಂದು ಯಾರೂ ಹೇಳುವುದಿಲ್ಲ.

1938ರಲ್ಲಿ ಗೈ ಕ್ಯಾಲೆಂಡರ್ ಎಂಬ ಇಂಗ್ಲೆಂಡಿನ ಉಗಿ ಎಂಜಿನಿಯರ್ ಭೂಮಿ ಆಗಲೇ ಬಿಸಿಯಾಗುತ್ತಿದೆ ಎಂದು ಹಳೆಯ ದಾಖಲೆಗಳಿಂದ ತೋರಿಸಿ ಈ ಲೆಕ್ಕವನ್ನು ಮತ್ತೆ ಎತ್ತಿದರು. ಅದನ್ನು ನೋಡಲು ಅರ್ಹೇನಿಯಸ್ ಬದುಕಿರಲಿಲ್ಲ.

ಇನ್ನೊಂದು ಮುಖವನ್ನೂ ಹೇಳಬೇಕು. ಅವರು ಸ್ವೀಡನ್ನಿನ ಜನಾಂಗ ಶುದ್ಧಿ ಸಂಘದ ಸದಸ್ಯರಾಗಿದ್ದರು, 1922ರಲ್ಲಿ ಸರ್ಕಾರ ಉಪ್ಸಲಾದಲ್ಲಿ ತೆರೆದ ಜನಾಂಗ ಜೀವಶಾಸ್ತ್ರ ಸಂಸ್ಥೆಯ ಮಂಡಳಿಯಲ್ಲೂ ಇದ್ದರು. ಕೆಲವು ಮನುಷ್ಯರು ಹುಟ್ಟಿನಿಂದಲೇ ಕೀಳು ಎನ್ನುವ ಆ ವಿಚಾರದಿಂದ ಮುಂದೆ ಸ್ವೀಡನ್‌ನಲ್ಲಿ ಸಾವಿರಾರು ಜನರಿಗೆ ಒತ್ತಾಯದ ಸಂತಾನಹರಣ ಚಿಕಿತ್ಸೆ ನಡೆಯಿತು. ಅವರನ್ನು ಹವಾಮಾನ ವಿಜ್ಞಾನದ ಋಷಿಯಂತೆ ಚಿತ್ರಿಸುವ ಪೋಸ್ಟ್‌ಗಳಲ್ಲಿ ಇದು ಇರುವುದಿಲ್ಲ. ಅವರ ಉಷ್ಣಾಂಶದ ಲೆಕ್ಕವನ್ನು ನಾವು ಒಪ್ಪುವುದು ಅವರು ದೊಡ್ಡವರು ಅಂತಲ್ಲ, ಬೇರೆಯವರು ಬೇರೆ ದಾರಿಯಲ್ಲಿ ಮತ್ತೆ ಮತ್ತೆ ಅಳೆದು ನೋಡಿದ್ದರಿಂದ. ಜನಾಂಗದ ವಿಚಾರ ಅಂಥ ಯಾವ ಪರೀಕ್ಷೆಯಲ್ಲೂ ನಿಲ್ಲಲಿಲ್ಲ.

ಗ್ರೇಟಾ ಥನ್‌ಬರ್ಗ್ ಅವರ ಮೊಮ್ಮಗಳು ಎಂಬ ಪೋಸ್ಟರ್ ಬಂದರೆ ಮುಂದಕ್ಕೆ ಕಳಿಸಬೇಡಿ. ಅರ್ಹೇನಿಯಸ್ ಅವರ ತಾಯಿಯ ಮನೆತನದ ಹೆಸರು ಥನ್‌ಬರ್ಗ್, ಇಬ್ಬರದ್ದೂ ದೂರದ ಸಂಬಂಧ ಅಷ್ಟೇ. ಗ್ರೇಟಾ ಅವರ ಅಪ್ಪನ ಹೆಸರೂ ಸ್ವಾಂಟೆ.

1905ರಿಂದ ಕೊನೆಯವರೆಗೂ ಅವರು ಸ್ಟಾಕ್‌ಹೋಮ್‌ನ ನೊಬೆಲ್ ಭೌತ ರಸಾಯನ ಸಂಸ್ಥೆಯ ನಿರ್ದೇಶಕರಾಗಿದ್ದರು. ಅದೇ ವರ್ಷ ಮಾರಿಯಾ ಯೊಹಾನ್ಸನ್ ಅವರನ್ನು ಮದುವೆಯಾದರು. ಕೊನೆಯ ವರ್ಷಗಳ ಪುಸ್ತಕವೊಂದರಲ್ಲಿ ಕಲ್ಲಿದ್ದಲು, ಎಣ್ಣೆ ಮುಗಿದುಹೋಗುವ ವಸ್ತುಗಳು, ಅವನ್ನು ಹಿಡಿತದಲ್ಲಿ ಬಳಸಬೇಕು ಎಂದು ಬರೆದರು. ಆಗಲೂ ಅವರ ಚಿಂತೆ ಬಿಸಿಯ ಬಗ್ಗೆ ಇರಲಿಲ್ಲ, ಇಂಧನ ತೀರಿಹೋಗುವ ಬಗ್ಗೆ ಇತ್ತು. 1927ರ ಅಕ್ಟೋಬರ್ 2ರಂದು ತೀರಿಕೊಂಡರು. ಮಣ್ಣು ಮಾಡಿದ್ದು ಕಡಿಮೆ ದರ್ಜೆ ಕೊಟ್ಟ ಅದೇ ಉಪ್ಸಲಾದಲ್ಲಿ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಎಂದು ಬಿಡದೆ ಅಳೆಯುವ ಕೆಲಸವನ್ನು ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಶುರು ಮಾಡಿದ್ದು ಅದಾಗಿ 31 ವರ್ಷಕ್ಕೆ, 1958ರಲ್ಲಿ. ಆಗ ಬಂದ ಸಂಖ್ಯೆ ಸುಮಾರು 315. ಈ ಲೇಖನ ಓದುವ ಹೊತ್ತಿಗೆ ಅದು ಎಷ್ಟಾಗಿದೆ ಎಂದು ಫೋನ್‌ನಲ್ಲೇ ಹುಡುಕಿದರೆ ಸಿಗುತ್ತದೆ.